ತವರಿಲ್ಲದ ಬಸಿರು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕ್ರೈಸ್ತ ಸೇವಕರ ಮನೆವಾರ್ತೆ

ಕರ್ನಾಟಕದಲ್ಲಿ ಕ್ರೈಸ್ತ ಮಿಷನ್ನುಗಳ ಚರಿತ್ರೆಯನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಶಾಲೆ, ಅಚ್ಚುಕೂಟ, ನಿಘಂಟು, ವ್ಯಾಕರಣ, ಪತ್ರಿಕೆ, ಆಸ್ಪತ್ರೆ ಇವು ಆ ಅಧ್ಯಯನಗಳ ಮುಖ್ಯ ವಸ್ತುಗಳು. ಆದರೆ ಧರ್ಮಸೇವೆಗೆಂದು ಊರಿಂದ ಊರಿಗೆ ಹೋದವರಿಗೂ ಒಂದು ಮನೆ ಇತ್ತು, ಆ ಮನೆಯಲ್ಲಿ ಒಲೆ ಉರಿಯುತ್ತಿತ್ತು, ತೊಟ್ಟಿಲು ತೂಗುತ್ತಿತ್ತು ಎಂಬ ಸಂಗತಿ ಈ ಚರಿತ್ರೆಯ ಅಂಚಿಗೆ ಸರಿದಿದೆ. ಜಾನಪದ ಅಧ್ಯಯನವು ಅಂಚಿಗೆ ಸರಿದ ಇಂಥ ಸಂಗತಿಗಳನ್ನೇ ಕೈಗೆತ್ತಿಕೊಳ್ಳಬೇಕು. ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುವ ಕ್ರೈಸ್ತ ಸೇವಕರ ಮನೆಯಲ್ಲಿ ಮಗುವಿನ ನಿರೀಕ್ಷೆಯ ತಿಂಗಳುಗಳು ಹೇಗೆ ಕಳೆಯುತ್ತವೆ, ಅದರ ಹಿಂದಿನ ಚಾರಿತ್ರಿಕ ಎಳೆಗಳು ಯಾವುವು ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ 'ತವರು' ಎಂಬ ಪರಿಕಲ್ಪನೆಯೇ ಬೀಗದ ಕೈ. ಈ ಸೀಮೆಯಲ್ಲಿ ಹೆಣ್ಣಿನ ಚೊಚ್ಚಲ ಹೆರಿಗೆ ತವರಿನ ಹೊಣೆ. ಧರ್ಮಸೇವಕರ ಬದುಕಾದರೋ ವರ್ಗಾವಣೆಯ ಬದುಕು, ತವರಿನಿಂದ ದೂರ ಸರಿದ ಬದುಕು. ಇವೆರಡೂ ಎದುರಾದಾಗ ಏನು ನಡೆಯುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ತವರು ಎಂಬ ಸಂಸ್ಥೆ

ಹಳೆಯ ಮೈಸೂರು ಸೀಮೆಯ ಒಕ್ಕಲು ಸಂಸ್ಕೃತಿಯಲ್ಲಿ ಬಸಿರು ಒಬ್ಬ ಹೆಂಗಸಿನ ದೇಹಸ್ಥಿತಿ ಮಾತ್ರವಲ್ಲ, ಎರಡು ಮನೆಗಳ ನಡುವಿನ ಒಪ್ಪಂದವೂ ಹೌದು. ಬಸುರಿಯ ಬಯಕೆಗಳನ್ನು ತೀರಿಸುವುದು ಗಂಡನ ಮನೆಯ ಕರ್ತವ್ಯವಾದರೆ, ಏಳನೆಯ ಇಲ್ಲವೆ ಒಂಬತ್ತನೆಯ ತಿಂಗಳಿನಲ್ಲಿ ಅವಳನ್ನು ಕರೆದೊಯ್ದು ಹೆರಿಗೆ, ಬಾಣಂತನ ಮಾಡಿ ಕಳುಹಿಸುವುದು ತವರಿನ ಕರ್ತವ್ಯ. ಬಳೆ ತೊಡಿಸುವುದು, ಮಡಿಲು ತುಂಬುವುದು, ಹೂ ಮುಡಿಸುವುದು ಈ ಒಪ್ಪಂದವನ್ನು ಊರಿನ ಮುಂದೆ ಸಾರುವ ಆಚರಣೆಗಳು. ಜನಬಳಕೆಯಲ್ಲಿ 'ಮಡ್ಲಕ್ಕಿ' ಎನಿಸಿಕೊಂಡಿರುವ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಬೀಳುವುದು ಮಗಳ ಸೆರಗಿಗೆ. ಅದರೊಡನೆ ಆಕೆಗೆ ಸಿಗುವುದು ತವರಿನ ಮೇಲಣ ಹಕ್ಕು. ಸೂಲಗಿತ್ತಿಯ ಆರೈಕೆ, ಬಿಸಿನೀರಿನ ಸ್ನಾನ, ಸಾಂಬ್ರಾಣಿ ಹೊಗೆ, ಬಾಣಂತಿ ಖಾರ, ದೃಷ್ಟಿ ನಿವಾಳಿಸುವುದು, ತೊಟ್ಟಿಲಿಗೆ ಹಾಕುವುದು ಇವೆಲ್ಲ ಆ ಹಕ್ಕಿನ ಮುಂದುವರಿಕೆಗಳು. ಮಗು ಬೆಳೆದ ಮೇಲೂ ಸೋದರಮಾವನ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಸುವಲ್ಲಿ, ಕಿವಿ ಚುಚ್ಚಿಸುವಲ್ಲಿ ತವರು ಮತ್ತೆ ಮತ್ತೆ ಹಾಜರಾಗುತ್ತದೆ.

ಈ ಭಾವನೆಯ ವ್ಯಾಪ್ತಿ ಎಷ್ಟೆಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಅತ್ಯುತ್ತಮ ನಿದರ್ಶನ. ಶಿಂಷಾ ನದಿಗೆ ಸಮೀಪದ ಈ ಊರಿನ ಹುಣಿಸೆ ಮೊದಲಾದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಇವನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಸರ್ಕಾರ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆ ಇತ್ತೀಚಿನದು, ನಂಬಿಕೆ ಅದಕ್ಕಿಂತ ಬಹಳ ಹಳೆಯದು. ಕುಲಗೋತ್ರ ಕೇಳದೆ ಹಕ್ಕಿಗೂ ತವರಾದ ಈ ಸೀಮೆ, ಬೇರೆ ಧರ್ಮದ, ಬೇರೆ ಊರಿನ ಬಸುರಿಗೆ ತವರಾಗಬಲ್ಲುದೇ ಎಂಬ ಪ್ರಶ್ನೆಯನ್ನು ಕೇಳುವುದಕ್ಕೆ ಈ ನಿದರ್ಶನವೇ ನಮಗೆ ಅಧಿಕಾರ ಕೊಡುತ್ತದೆ.

ದೀಕ್ಷೆ ಮತ್ತು ಹೆತ್ತ ಮನೆ

ದೀಕ್ಷೆ ಹಿಡಿದವನು ಹೆತ್ತವರ ಮನೆಯಿಂದ ದೂರವಾಗುತ್ತಾನೆ ಎಂಬ ಅರಿವು ಈ ಪ್ರದೇಶಕ್ಕೆ ಕ್ರೈಸ್ತ ಧರ್ಮದೊಡನೆ ಬಂದುದಲ್ಲ. ಮಂಟೇಸ್ವಾಮಿ ಕಾವ್ಯವನ್ನು ಬಲ್ಲವರಿಗೆ ಇದು ಗೊತ್ತು. ಮದ್ದೂರು ಸೀಮೆಯ ನಿಡಘಟ್ಟದ ಆಚಾರಿ ದಂಪತಿಗಳ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾನೆ, ಹೆತ್ತವರು ಕೊಡಲೊಪ್ಪುವುದಿಲ್ಲ, ಹಲವು ಸಂಕಟಗಳ ಬಳಿಕ ಹುಡುಗ ಗುರುವಿನ ಪಾಲಾಗಿ ಸಿದ್ಧಪ್ಪಾಜಿಯಾಗುತ್ತಾನೆ. ಕಬ್ಬಿಣದ ಭಿಕ್ಷೆಗೆಂದು ಅವನು ಹೋಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ. ಮಂಟೇಸ್ವಾಮಿಯ ಗದ್ದುಗೆ ಇರುವುದು ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಈ ಕಾವ್ಯವನ್ನು ಹಾಡುವ ನೀಲಗಾರರು ದೀಕ್ಷೆ ಪಡೆದವರು, ಆದರೆ ಸಂಸಾರಿಗಳು. ತಂಬೂರಿ ಹಿಡಿದು ಊರೂರು ತಿರುಗುವ ಅವರ ಮನೆಗಳಲ್ಲಿಯೂ ಹೆಂಗಸರು ಬಸುರಾದರು, ಬಾಣಂತಿಯರಾದರು.

ಹೀಗೆ ಧರ್ಮಸೇವಕನ ಎರಡು ಮಾದರಿಗಳು ಇಲ್ಲಿಯ ಜನಕ್ಕೆ ಮೊದಲೇ ಪರಿಚಿತವಾಗಿದ್ದವು. ಒಂದು, ಸಂಸಾರವನ್ನು ಬಿಟ್ಟ ವಿರಕ್ತನದು; ಇನ್ನೊಂದು, ಸಂಸಾರದೊಳಗಿದ್ದೇ ತಿರುಗುವ ನೀಲಗಾರನದು. ಕ್ರೈಸ್ತ ಸೇವಕರೂ ಈ ಎರಡು ಮಾದರಿಗಳಲ್ಲಿಯೇ ಇಲ್ಲಿಗೆ ಬಂದರೆಂಬುದು ಗಮನಾರ್ಹ.

ಮೊದಲ ಮಾದರಿಗೆ ಅಬ್ಬೆ ದುಬುವಾ ಉದಾಹರಣೆ. ಫ್ರಾನ್ಸಿನ ಈ ಕ್ಯಾಥೊಲಿಕ್ ಗುರು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಸಮುದಾಯಗಳನ್ನು ಮತ್ತೆ ಒಗ್ಗೂಡಿಸುವ ಕೆಲಸದಲ್ಲಿ ತೊಡಗಿದರು. ದೇಶೀಯ ಉಡುಪು ತೊಟ್ಟು, ದೇಶೀಯರಂತೆ ಉಣ್ಣುತ್ತಿದ್ದ ಇವರು ಬ್ರಹ್ಮಚಾರಿ. 1803–04ರಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದ ದಾಖಲೆ ಇವರ ಹೆಸರಿನಲ್ಲಿದೆ. 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಇವರ ಗ್ರಂಥ ಈ ನಾಡಿನ ನಡೆನುಡಿಗಳನ್ನು, ಜನನಕ್ಕೆ ಸಂಬಂಧಿಸಿದ ಆಚಾರಗಳನ್ನು ವಿವರಿಸುತ್ತದೆ. ಆದರೆ ಅದು ಹೊಸಿಲಿನಾಚೆ ನಿಂತವರ ನೋಟ. ಬಾಣಂತಿಯ ಕೋಣೆಯೊಳಕ್ಕೆ ಅವರಿಗೆ ಪ್ರವೇಶವಿರಲಿಲ್ಲ, ಇರುವಂತೆಯೂ ಇರಲಿಲ್ಲ.

ಎರಡನೆಯ ಮಾದರಿಗೆ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಉದಾಹರಣೆ. ಈ ದಂಪತಿಗಳು ಬೆಂಗಳೂರಿಗೆ ಬಂದ ಹೊಸದರಲ್ಲಿಯೇ, 1837ರ ಜುಲೈ 17ರಂದು, ಅವರಿಗೆ ಗಂಡುಮಗು ಹುಟ್ಟಿತು. ಆ ಮಗುವೇ ಮುಂದೆ ಬಿ. ಎಲ್. ರೈಸ್ ಎಂದು ಹೆಸರಾದ ಶಾಸನತಜ್ಞ. ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಬೆಳಕು ಕಂಡವು. ಅದೇ ಮನೆಯ ಇನ್ನೊಬ್ಬ ಮಗ ಇ. ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಊರು ಹೊಸತು, ಭಾಷೆ ಹೊಸತು, ಹವೆ ಹೊಸತು, ತಾಯಿಯ ಮನೆ ಸಮುದ್ರದಾಚೆ. ಅಂಥ ಸ್ಥಿತಿಯಲ್ಲಿ ನಡೆದ ಒಂದು ಹೆರಿಗೆಗೆ ಕನ್ನಡ ಶಾಸನಾಧ್ಯಯನ ಋಣಿಯಾಗಿದೆ. ಮಗನ ಹೆಸರು ನಮ್ಮ ಎಲ್ಲ ಚರಿತ್ರೆಗಳಲ್ಲಿದೆ. ತಾಯಿ ಆ ತಿಂಗಳುಗಳನ್ನು ಯಾರ ಆಸರೆಯಲ್ಲಿ ಕಳೆದಳು ಎಂದು ಆ ಚರಿತ್ರೆಗಳು ಕೇಳಲಿಲ್ಲ.

ಎಲ್ಲ ಹೆರಿಗೆಗಳೂ ಸುಖಾಂತವಾಗಿರಲಿಲ್ಲ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಮುನ್ನೂರಕ್ಕೂ ಮಿಕ್ಕ ಗೋರಿಗಳಿವೆ. ಅವು ಸೈನಿಕರವು ಮಾತ್ರವಲ್ಲ, ಅವರ ಹೆಂಡಿರು ಮಕ್ಕಳವೂ ಹೌದು. ಪರದೇಶದಲ್ಲಿ ಸಂಸಾರ ಹೂಡಿದವರು ತೆತ್ತ ಬೆಲೆಗೆ ಆ ಕಲ್ಲುಗಳು ಸಾಕ್ಷಿ. ಅದೇ ಕಾಲದಲ್ಲಿ ಸುತ್ತಲ ಹಳ್ಳಿಗಳ ಹಟ್ಟಿಗಳಲ್ಲಿ ತೀರಿಕೊಂಡ ಬಾಣಂತಿಯರಿಗೆ ಕಲ್ಲಿನ ಸಾಕ್ಷಿಯೂ ಇಲ್ಲ. ಬಾಣಂತಿಯಾಗಿ ಸತ್ತವಳು ದೆವ್ವವಾಗುತ್ತಾಳೆಂಬ ಜನಪದ ನಂಬಿಕೆಯಲ್ಲಿ ಮಾತ್ರ ಅವರ ನೆನಪು ಉಳಿದಿದೆ.

ಮಿಷನ್ ಆಸ್ಪತ್ರೆ

ಈ ಸಾವುಗಳ ಹಿನ್ನೆಲೆಯಲ್ಲಿಯೇ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನೋಡಬೇಕು. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ಥಾಪಿಸಿದ ಈ ಆಸ್ಪತ್ರೆಗೆ ಮೇರಿ ಹೋಲ್ಡ್ಸ್‌ವರ್ತ್ ಎಂಬ ಮಿಷನರಿ ಪತ್ನಿಯ ಹೆಸರನ್ನಿಡಲಾಯಿತು. ಹೆಂಗಸರು ಮಕ್ಕಳ ಶುಶ್ರೂಷೆಯೇ ಮೊದಲಿಗೆ ಇದರ ಮುಖ್ಯ ಉದ್ದೇಶವಾಗಿತ್ತು. ಜನ ಇದನ್ನು ಸರಳವಾಗಿ 'ಮಿಷನ್ ಆಸ್ಪತ್ರೆ' ಎಂದರು. ಬೆಂಗಳೂರು–ಮೈಸೂರು ರೈಲುಮಾರ್ಗ 1881–82ರಲ್ಲಿಯೇ ಸಿದ್ಧವಾಗಿದ್ದುದರಿಂದ ಮದ್ದೂರು, ಮಂಡ್ಯದವರಿಗೆ ಮೈಸೂರು ರೈಲಿನ ದಾರಿಯಾಗಿತ್ತು. ಮಳವಳ್ಳಿಗೆ ಇಂದಿಗೂ ರೈಲಿಲ್ಲ. ಆ ಕಡೆಯವರಿಗೆ ಮೊದಲು ಎತ್ತಿನ ಗಾಡಿ, ಆಮೇಲೆ ಬಸ್ಸು.

ಬಸುರಿಯನ್ನು ತವರಿಗೆ ಕರೆದೊಯ್ಯುವ ಗಾಡಿ ಆಸ್ಪತ್ರೆಯ ಕಡೆಗೂ ತಿರುಗಿದ್ದು ಒಂದು ಸಾಂಸ್ಕೃತಿಕ ಪಲ್ಲಟ. ಹೆರಿಗೆಯ ಕೋಣೆಯಲ್ಲಿ ಸೂಲಗಿತ್ತಿಯ ಜಾಗಕ್ಕೆ ದಾದಿ ಬಂದಳು. ಆದರೂ ತವರು ಪೂರ್ತಿ ಹಿಂದೆ ಸರಿಯಲಿಲ್ಲ. ತಾಯಿ ಆಸ್ಪತ್ರೆಯ ಜಗುಲಿಯಲ್ಲಿ ಕಾದಳು, ಬುತ್ತಿ ತಂದಳು, ಬಾಣಂತಿ ಖಾರವನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ಒಯ್ದಳು. ಆಸ್ಪತ್ರೆ ಹೆರಿಗೆಯನ್ನು ವಹಿಸಿಕೊಂಡಿತೇ ಹೊರತು ಬಾಣಂತನವನ್ನಲ್ಲ. ಈ ವ್ಯತ್ಯಾಸ ನಮ್ಮ ವಿಷಯಕ್ಕೆ ಮುಖ್ಯ.

ಎರಡು ಕಡೆಯ ಕತ್ತರಿ

ತಲೆಮಾರುಗಳಿಂದ ಕ್ರೈಸ್ತರಾಗಿರುವ ಊರುಗಳಲ್ಲಿ ತವರಿನ ಸಮಸ್ಯೆ ಅಷ್ಟಾಗಿ ಕಾಣುವುದಿಲ್ಲ. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿ, ಗಂಜಾಂಗಳಂಥ ಹಳೆಯ ಕ್ಯಾಥೊಲಿಕ್ ನೆಲೆಗಳಲ್ಲಿ ಕೊಟ್ಟು ತರುವ ಸಂಬಂಧಗಳಿವೆ, ತವರಿದೆ. ಜ್ಞಾನಸ್ನಾನದ ದಿನ ಮಗುವಿಗೆ ಜ್ಞಾನತಂದೆ, ಜ್ಞಾನತಾಯಿಯರೂ ದೊರೆಯುತ್ತಾರೆ. ಇದು ನೆತ್ತರ ನಂಟಿನ ಪಕ್ಕದಲ್ಲಿ ಧರ್ಮವು ಕಟ್ಟಿಕೊಟ್ಟ ಇನ್ನೊಂದು ನಂಟು.

ಆದರೆ ಒಂದು ಮನೆಯಲ್ಲಿ ಒಬ್ಬಳೇ ಹೊಸ ಧರ್ಮವನ್ನು ಸ್ವೀಕರಿಸಿದಾಗ, ಇಲ್ಲವೆ ಮನೆಯವರ ಒಪ್ಪಿಗೆಯಿಲ್ಲದೆ ಸೇವಕನೊಬ್ಬನನ್ನು ಮದುವೆಯಾದಾಗ, ಮೊದಲು ಕಡಿಯುವುದು ತವರಿನ ದಾರಿ. ಇದು ಕ್ರೈಸ್ತರಿಗಷ್ಟೇ ಸಂಬಂಧಿಸಿದ ಮಾತಲ್ಲ. ಜಾತಿ ಮೀರಿ ಮದುವೆಯಾದ ಹೆಣ್ಣುಮಕ್ಕಳ ಅನುಭವವೂ ಇದೇ. ಊರಿನವರು ಒಂದು ಕಡೆಯಿಂದ ಕತ್ತರಿಸಿದರೆ, ಇನ್ನೊಂದು ಕಡೆಯಿಂದ ಸಭೆಯ ಶಿಸ್ತೂ ಕತ್ತರಿಸಿದ್ದುಂಟು. ಮಡಿಲು ತುಂಬುವುದು, ಬಳೆ ತೊಡಿಸುವುದು, ದೃಷ್ಟಿ ತೆಗೆಯುವುದು ಇವನ್ನೆಲ್ಲ ಅನ್ಯಮತದ ಆಚಾರವೆಂದು ಹಲವು ಪ್ರಾಟೆಸ್ಟಂಟ್ ಸೇವಕರು ದೂರವಿಟ್ಟರು. ಹೀಗೆ ದೂರವಿಟ್ಟಾಗ ಮೂಢನಂಬಿಕೆಯ ಜೊತೆಗೆ ತಾಯಿಮಗಳ ಭೇಟಿಗಿದ್ದ ನೆಪವೂ ಹೋಯಿತು. ಮಡ್ಲಕ್ಕಿಯ ಜೊತೆಗೆ ಬರುವುದು ಅಮ್ಮ ಎಂಬುದನ್ನು ಆಚಾರವನ್ನು ಶೋಧಿಸಿದವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಾಗೆ ನೋಡಿದರೆ ಬೈಬಲ್ಲಿನಲ್ಲಿಯೇ ಇದಕ್ಕೆ ಬೇರೆಯ ದಾರಿಯಿದೆ. ಲೂಕನ ಸುವಾರ್ತೆಯ ಪ್ರಕಾರ ಬಸುರಿ ಮರಿಯಳು ಬೆಟ್ಟದ ಸೀಮೆಯ ಊರಿಗೆ ನಡೆದು, ತನ್ನಂತೆಯೇ ಗರ್ಭಿಣಿಯಾಗಿದ್ದ ಬಂಧು ಎಲಿಸಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿಯುತ್ತಾಳೆ. ಒಬ್ಬ ಬಸುರಿಯ ಅಳಲನ್ನು ಇನ್ನೊಬ್ಬ ಬಸುರಿ ತಾಳಿಕೊಳ್ಳುವ ಈ ಪ್ರಸಂಗ ಮಂಡ್ಯದ ಒಕ್ಕಲಗಿತ್ತಿಗೆ ವಿವರಣೆಯಿಲ್ಲದೆ ಅರ್ಥವಾಗುವಂಥದು. ತವರಲ್ಲದ ಮನೆಯೂ ತವರಾಗಬಲ್ಲುದೆಂಬುದೇ ಅದರ ತಿರುಳು.

ಕಾಲೇಜು ಆವರಣದ ಸೇವಕ

ವಿದ್ಯಾರ್ಥಿಗಳ ನಡುವಿನ ಕ್ರೈಸ್ತ ಸೇವೆ ಇಪ್ಪತ್ತನೆಯ ಶತಮಾನದ ಬೆಳವಣಿಗೆ. ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ 1912ರಲ್ಲಿಯೂ, ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿಯೂ ಆರಂಭವಾದವು. ಮಂಡ್ಯ ಜಿಲ್ಲೆಯಾದುದು 1939ರಲ್ಲಿ. ಕೆ. ವಿ. ಶಂಕರಗೌಡರ ಮುಂದಾಳುತನದಲ್ಲಿ 1962ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಮದ್ದೂರು–ಮಳವಳ್ಳಿ ದಾರಿಯ ಭಾರತೀನಗರವೂ ವಿದ್ಯಾಕೇಂದ್ರವಾಗಿ ಬೆಳೆಯಿತು. 2006ರಲ್ಲಿ ಮಂಡ್ಯಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತು. ಕಬ್ಬಿನ ನಾಡು ವಿದ್ಯಾರ್ಥಿಗಳ ನಾಡೂ ಆಯಿತು. ಹೊರಜಿಲ್ಲೆ, ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿರುವಲ್ಲಿ ಅವರನ್ನು ಅರಸಿಕೊಂಡು ಸೇವಕರೂ ಬರುವುದು ಸಹಜ.

ಈ ಸೇವಕರಿಗೆ ಸಾಮಾನ್ಯವಾಗಿ ಚರ್ಚಿನ ಕಟ್ಟಡವಿಲ್ಲ, ಬಂಗಲೆಯಿಲ್ಲ. ಬಾಡಿಗೆ ಮನೆಯೇ ಸಭೆಯ ಸ್ಥಳ. ಹಳೆಯ ವಿದ್ಯಾರ್ಥಿಗಳೂ ಹಿತೈಷಿಗಳೂ ಕೊಡುವ ಕಾಣಿಕೆಯೇ ಸಂಬಳ. ಬೆಳಿಗ್ಗೆ ಪ್ರಾರ್ಥನೆ, ಹಗಲು ವಿದ್ಯಾರ್ಥಿಗಳ ಭೇಟಿ, ಸಂಜೆ ಕಾಲೇಜು ಬಿಟ್ಟ ಮೇಲೆ ಬೈಬಲ್ ಅಧ್ಯಯನ, ರಾತ್ರಿ ಪರೀಕ್ಷೆಯ ಭಯದಲ್ಲಿರುವ ಹುಡುಗನದೋ ಮನೆಯ ನೆನಪಾಗಿ ಅಳುವ ಹುಡುಗಿಯದೋ ಫೋನು. ದಿನಚರಿಯ ಗತಿಯನ್ನು ನಿರ್ಧರಿಸುವುದು ವಿಶ್ವವಿದ್ಯಾಲಯದ ವೇಳಾಪಟ್ಟಿ.

ಇಂಥ ಮನೆಯಲ್ಲಿ ಬಸಿರು ನಿಂತಾಗ ಎರಡು ಕಾಲಮಾನಗಳು ಒಂದಕ್ಕೊಂದು ಎದುರಾಗುತ್ತವೆ. ಒಂದು ಸೆಮಿಸ್ಟರಿನದು, ಇನ್ನೊಂದು ಒಂಬತ್ತು ತಿಂಗಳಿನದು. ಸೇವಕನ ಹೆಂಡತಿ ಬಸುರಿಯಾದರೂ, ಸೇವಕಿಯೇ ಬಸುರಿಯಾದರೂ ಪ್ರಶ್ನೆಗಳು ಒಂದೇ. ವಾಂತಿಯ ತಿಂಗಳುಗಳಲ್ಲಿ ಇಪ್ಪತ್ತು ಹುಡುಗರಿಗೆ ಅನ್ನ ಬೇಯಿಸುವವರು ಯಾರು? ಮಳವಳ್ಳಿಯ ಕಡೆಗೆ ಬಸ್ಸಿನ ಓಡಾಟವನ್ನು ಯಾವಾಗ ನಿಲ್ಲಿಸಬೇಕು? ಕಾಣಿಕೆ ಕಡಿಮೆ ಬಂದ ತಿಂಗಳಿನಲ್ಲಿ ಸ್ಕ್ಯಾನಿಂಗಿಗೆ ಹಣ ಎಲ್ಲಿಂದ? 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 12 ವಾರಗಳ ರಜೆಯನ್ನು 26 ವಾರಗಳಿಗೆ ಏರಿಸಿತಾದರೂ, ಕಾಣಿಕೆಯನ್ನು ನಂಬಿದ ಮನೆಗೆ ರಜೆಯೆಂದರೆ ಏನೆಂಬುದೇ ಅಸ್ಪಷ್ಟ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಾಣಂತನದ್ದು. ತವರು ದೂರವಿದ್ದರೆ, ಇಲ್ಲವೆ ಮುನಿದಿದ್ದರೆ, ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಕೈ ಯಾವುದು?

ಉತ್ತರ ಬರುವುದು ಸಂಬೋಧನೆಯ ಬಾಗಿಲಿನಿಂದ. ವಿದ್ಯಾರ್ಥಿಗಳು ಈ ಸೇವಕರನ್ನು 'ಅಣ್ಣ', 'ಅಕ್ಕ' ಎನ್ನುತ್ತಾರೆ. ಜನಪದರ ನಂಟುವಾಚಕಗಳು ಬರಿಯ ಮಾತಲ್ಲ, ಹೊಣೆ. ಅಕ್ಕ ಎಂದು ಕರೆದವನು ಅವಳ ಮಗುವಿಗೆ ಸೋದರಮಾವ; ಕರೆದವಳು ಚಿಕ್ಕಮ್ಮ. ಪಾತ್ರೆ ತೊಳೆಯುವ, ತರಕಾರಿ ತರುವ, ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲುವ ಹುಡುಗರು ತಮಗರಿವಿಲ್ಲದೆ ತವರಿನ ಕೆಲಸ ಮಾಡುತ್ತಾರೆ. ಇನ್ನು ಮನೆಯೊಡತಿ. ಹೊಸದಾಗಿ ಬಂದಾಗ 'ನೀವು ಯಾವ ಜನ' ಎಂದು ಕೇಳಿದ ಆಕೆಯೇ, ಬಸಿರಿನ ಸುದ್ದಿ ತಿಳಿದ ಮೇಲೆ ಉಪ್ಪಿನಕಾಯಿಯ ಬಟ್ಟಲನ್ನು ಮುಚ್ಚಿ ತರುವುದೂ, ಗ್ರಹಣದ ದಿನ ಹೊರಗೆ ಬರಬೇಡವೆಂದು ಗದರಿಸುವುದೂ ಈ ಸೀಮೆಯ ಕೇರಿಗಳಲ್ಲಿ ಅಪರೂಪವಲ್ಲ. ಗ್ರಹಣವನ್ನು ನಂಬದ ಬಾಡಿಗೆಯವಳು ಆ ದಿನ ಒಳಗೇ ಉಳಿದರೆ, ಅದು ನಂಬಿಕೆಗೆ ತೋರಿದ ಗೌರವವಲ್ಲ, ಅಕ್ಕರೆಗೆ ತೋರಿದ ಗೌರವ. ಧರ್ಮಶಾಸ್ತ್ರಗಳು ಬಗೆಹರಿಸಲಾರದ ವಿಚಾರವನ್ನು ಜನಪದ ಹೀಗೆ ಹೊಸಿಲಿನಲ್ಲಿ ಬಗೆಹರಿಸಿಕೊಳ್ಳುತ್ತದೆ.

ಸರ್ಕಾರದ ಮಡಿಲು

ಕೇರಿಯೊಡನೆ ಸರ್ಕಾರವೂ ಇಂದು ಈ ಚಿತ್ರದಲ್ಲಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾಳೆ. ತಾಯಿ ಕಾರ್ಡು, ಕಬ್ಬಿಣಾಂಶದ ಮಾತ್ರೆ, ಚುಚ್ಚುಮದ್ದು ಎಲ್ಲರಿಗೂ ಒಂದೇ. 2007ರಲ್ಲಿ ರಾಜ್ಯ ಸರ್ಕಾರ ಬಡ ಬಾಣಂತಿಯರಿಗಾಗಿ ಜಾರಿಗೆ ತಂದ ಕಿಟ್ಟಿನ ಯೋಜನೆಗೆ 'ಮಡಿಲು' ಎಂದೇ ಹೆಸರಿಟ್ಟಿತು. ತವರಿನವರು ತುಂಬುತ್ತಿದ್ದ ಮಡಿಲಿನ ಹೆಸರನ್ನು ಯೋಜನೆ ಎರವಲು ಪಡೆಯಿತು. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದ ಅಂಗವಾಗಿ ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತಗಳು ನಡೆದಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಬಸುರಿಯರು ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬಹುದಾದ ಅವಕಾಶವಿದು. ಶಾಸ್ತ್ರವಾಗಿದ್ದ ಆಚರಣೆ ಇಲ್ಲಿ ಆರೋಗ್ಯ ಶಿಕ್ಷಣವಾಗಿದೆ. ಇದನ್ನು ಆಚರಣೆಯ ಅಳಿವೆಂದು ಕೊರಗಬೇಕಿಲ್ಲ. ವಾಹಕ ಬದಲಾದರೂ ಉಳಿಯುವುದು ಜನಪದದ ಸ್ವಭಾವ.

ಇದೇ ನೆಲದ ಕರಾಳ ಮುಖವನ್ನೂ ಮರೆಯುವಂತಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ, ಮಡ್ಲಕ್ಕಿಗೆ ಅಚ್ಚು ಬೆಲ್ಲ ಒದಗಿಸುವ ಜಾಗದಲ್ಲಿ, ಹೆಣ್ಣುಭ್ರೂಣದ ಸಾವನ್ನು ನಿರ್ಧರಿಸಲಾಗುತ್ತಿತ್ತು. ಹುಟ್ಟುವ ಮೊದಲೇ ಹೆಣ್ಣನ್ನು ಅಳಿಸಿದರೆ ಮುಂದೆ ತವರಿಗೆ ಬರಬೇಕಾದವರು ಯಾರು? ತವರನ್ನು ಹಾಡಿ ಹೊಗಳಿದ ಸಂಸ್ಕೃತಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ. ಪರಧರ್ಮದ ಬಸುರಿಯನ್ನು ಹೇಗೆ ಕಾಣುತ್ತೇವೆ ಎಂಬುದೂ, ನಮ್ಮದೇ ಮನೆಯ ಹೆಣ್ಣುಭ್ರೂಣವನ್ನು ಹೇಗೆ ಕಾಣುತ್ತೇವೆ ಎಂಬುದೂ ಒಂದೇ ಪರೀಕ್ಷೆಯ ಎರಡು ಪ್ರಶ್ನೆಗಳು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ಧರ್ಮಸೇವಕರ ಚರಿತ್ರೆಯನ್ನು ಅವರ ಬೋಧನೆಯಿಂದಷ್ಟೇ ಅಳೆದರೆ ಅರ್ಧ ಚರಿತ್ರೆ ಮಾತ್ರ ಸಿಗುತ್ತದೆ. ಉಳಿದರ್ಧ ಅವರ ಮನೆಯ ಹೆಂಗಸರ ತಿಂಗಳುಗಳಲ್ಲಿದೆ. ಎರಡನೆಯದಾಗಿ, ದೀಕ್ಷೆಗೂ ಹೆತ್ತ ಮನೆಗೂ ಇರುವ ತಿಕ್ಕಾಟ ಹೊರಗಿನಿಂದ ಬಂದದ್ದಲ್ಲ. ಸಿದ್ಧಪ್ಪಾಜಿಯ ಕಥೆಯನ್ನು ಹಾಡುವ ಸೀಮೆಗೆ ಅದು ಒಳಗಿನ ನೋವು. ಮೂರನೆಯದಾಗಿ, ತವರು ರಕ್ತಸಂಬಂಧದ ಆಸ್ತಿಯಷ್ಟೇ ಅಲ್ಲ, ಮಾಡಿದರೆ ಆಗುವ ಕೆಲಸ. ಮಾಡುವವರು ಯಾರೇ ಆಗಲಿ, ಬಿಸಿನೀರು ಕಾಯಿಸಿದ ಮನೆಯೇ ಆ ಹೊತ್ತಿನ ತವರು.

ಸೂಲಗಿತ್ತಿಯರ ತಲೆಮಾರು ಕಣ್ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಜನನ ಸಂಬಂಧಿ ಆಚರಣೆಗಳ ಸಂಗ್ರಹಕಾರ್ಯ ತುರ್ತಾಗಿ ನಡೆಯಬೇಕಾಗಿದೆ. ಅದು ಒಂದು ಜಾತಿಯ, ಒಂದು ಧರ್ಮದ ಆಚರಣೆಗಳಿಗೆ ನಿಲ್ಲಬಾರದು. ಬಾಡಿಗೆ ಮನೆಗಳ, ಹಾಸ್ಟೆಲ್ಲುಗಳ, ಆಸ್ಪತ್ರೆಯ ಜಗುಲಿಗಳ ಬಾಣಂತನವೂ ನಾಳೆಯ ಜಾನಪದವೇ. ಅಲ್ಲಿ ಯಾರು ಯಾರಿಗೆ ಗಂಜಿ ಕಾಯಿಸಿ ಕೊಟ್ಟರು, ಮಗುವಿಗೆ ಮೊದಲ ನೀರು ಹಾಕಿದವರು ಯಾರು ಎಂಬುದನ್ನು ಹೆಸರು, ಊರು ಸಹಿತ ಬರೆದಿಟ್ಟುಕೊಳ್ಳುವ ಕೆಲಸ ಇನ್ನು ಆರಂಭವಾಗಬೇಕು.